ದೇಶಸ್ವಾತಂತ್ರ್ಯವೂ ಆತ್ಮಸ್ವಾತಂತ್ರ್ಯವೂ: ಅಮೆರಿಕದ ಕ್ರೈಸ್ತಸಮಾಜದ ಇತಿಹಾಸದಿಂದ

ಸ್ವಾತಂತ್ರ್ಯವೆಂಬ ಶಬ್ದಕ್ಕೆ ಎಲ್ಲ ಭಾಷೆಗಳಲ್ಲಿಯೂ ಎರಡು ಅರ್ಥಗಳುಂಟು. ಪರರಾಜರ ಆಳ್ವಿಕೆಯಿಂದಾಗಲಿ ಪರಪುರುಷರ ಯಜಮಾನಿಕೆಯಿಂದಾಗಲಿ ಬಿಡುಗಡೆ ಹೊಂದುವುದು ಒಂದು. ಪಾಪದಿಂದಲೂ ಕಾಮಕ್ರೋಧಾದಿಗಳ ವಶದಿಂದಲೂ ಬಿಡುಗಡೆ ಹೊಂದುವುದು ಮತ್ತೊಂದು. ಉಪನಿಷತ್ತುಗಳಲ್ಲಿ ಆತ್ಮಜ್ಞಾನಿಯ ಸ್ಥಿತಿಯನ್ನು ಹೇಳುತ್ತಿದ್ದ ‘ಸ್ವಾರಾಜ್ಯ’ವೆಂಬ ಪದಕ್ಕೂ, 20ನೆಯ ಶತಮಾನದಲ್ಲಿ ದೇಶದ ಆಡಳಿತದ ಮಾತಾಗಿ ಮನೆಮನೆಯಲ್ಲಿ ಹಬ್ಬಿದ ‘ಸ್ವರಾಜ್ಯ’ಕ್ಕೂ ಇರುವ ನಂಟನ್ನು ವಾಚಕರು ಬಲ್ಲರು. ಈ ಎರಡು ಸ್ವಾತಂತ್ರ್ಯಗಳಿಗೆ ಪರಸ್ಪರ ಸಂಬಂಧವೇನು? ಒಂದು ದೊರೆತವನಿಗೆ ಇನ್ನೊಂದು ಬೇಡವೆ? ಒಂದನ್ನು ಕೊಟ್ಟವನು ಇನ್ನೊಂದನ್ನು ತಡೆದಿಟ್ಟುಕೊಳ್ಳಬಹುದೆ? ಇಂಥ ಪ್ರಶ್ನೆಗಳು ಪ್ರತಿಯೊಂದು ಧರ್ಮದಲ್ಲಿಯೂ ಏಳತಕ್ಕವೇ. ಆದರೆ ಉತ್ತರ ಅಮೆರಿಕದಲ್ಲಿ ಇವು ಪಂಡಿತರ ಚರ್ಚೆಯಾಗಿ ಮಾತ್ರ ಉಳಿಯದೆ, ಲಕ್ಷಾಂತರ ಮಂದಿಯ ಬಾಳನ್ನು ನಿರ್ಣಯಿಸಿದ ಶಾಸನಗಳಾದುವು. ಕ್ರೈಸ್ತರಾದ ಯಜಮಾನರು, ಕ್ರೈಸ್ತರಾದ ದಾಸರು, ಇಬ್ಬರ ಕೈಯಲ್ಲಿಯೂ ಒಂದೇ ಧರ್ಮಗ್ರಂಥ. ಹೀಗಿದ್ದ ಎರಡು ಶತಮಾನಗಳ ಇತಿಹಾಸವು ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲಾಗಿದೆ.

ಆ ಗ್ರಂಥದಲ್ಲಿ ಎರಡು ಅರ್ಥಗಳಿಗೂ ಆಧಾರವುಂಟು. ಹಳೆಯ ಒಡಂಬಡಿಕೆಯ ವಿಮೋಚನಕಾಂಡದಲ್ಲಿ ಯೆಹೋವನು ಐಗುಪ್ತದೇಶದ ಬಿಟ್ಟಿಕೆಲಸದಲ್ಲಿ ನವೆಯುತ್ತಿದ್ದ ಇಸ್ರಾಯೇಲ್ಯರನ್ನು ಮೋಶೆಯ ಮೂಲಕ ಫರೋಹನ ಕೈಯಿಂದ ಬಿಡಿಸುತ್ತಾನೆ. ಅಲ್ಲಿಯ ದಾಸ್ಯವು ಬೆನ್ನಿನ ಮೇಲೆ ಬೀಳುವ ಪೆಟ್ಟಿನ ದಾಸ್ಯ. ಬಿಡುಗಡೆಯು ಕಾಲಿನಿಂದ ನಡೆದು ಗಡಿಯನ್ನು ದಾಟುವ ಬಿಡುಗಡೆ. ಹೊಸ ಒಡಂಬಡಿಕೆಯಲ್ಲಿ ಮಾತು ಒಳಮುಖವಾಗುತ್ತದೆ. ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಯೇಸು ಬಿಡುಗಡೆಯ ಮಾತನ್ನೆತ್ತಿದಾಗ, ಕೇಳುತ್ತಿದ್ದವರು ತಾವು ಅಬ್ರಹಾಮನ ವಂಶದವರೆಂದೂ ಯಾರಿಗೂ ಎಂದಿಗೂ ದಾಸರಾದವರಲ್ಲವೆಂದೂ ಹೇಳಿಕೊಳ್ಳುತ್ತಾರೆ. ಆಗ ಯೆಹೂದ್ಯರ ದೇಶವು ರೋಮನರ ಅಧೀನದಲ್ಲಿತ್ತು. ಯೇಸುವಾದರೋ ರೋಮಿನ ಹೆಸರನ್ನೆತ್ತದೆ, ಪಾಪವನ್ನು ಮಾಡುವವನು ಪಾಪಕ್ಕೇ ದಾಸನೆಂದು ಉತ್ತರವೀಯುತ್ತಾನೆ. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆನ್ನುತ್ತಾನೆ. ಆದರೆ ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಉಪದೇಶವೂ ಹೊಸ ಒಡಂಬಡಿಕೆಯಲ್ಲಿದೆ. ಓನೇಸಿಮನೆಂಬ ದಾಸನನ್ನು ಯಜಮಾನನಾದ ಫಿಲೆಮೋನನ ಬಳಿಗೆ ಕಳುಹಿಸುವಾಗ ಪೌಲನು, ಅವನನ್ನು ದಾಸನಿಗಿಂತ ಮೇಲಾದ ಪ್ರಿಯಸಹೋದರನಂತೆ ಬರಮಾಡಿಕೊಳ್ಳಬೇಕೆಂದು ಬರೆದನು; ಬಿಡುಗಡೆಯ ಪತ್ರವನ್ನು ಬರೆದುಕೊಡಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ. ಈ ಒಂದು ಚಿಕ್ಕ ಪತ್ರವನ್ನು ಮುಂದೆ ದಾಸ್ಯದ ಸಮರ್ಥಕರೂ ವಿರೋಧಿಗಳೂ ತಮ್ಮ ತಮ್ಮ ಕಡೆಗೆ ಎಳೆದುಕೊಂಡರು.

1619ರಲ್ಲಿ ಆಂಗ್ಲರ ವಸಾಹತಾದ ವರ್ಜೀನಿಯದ ತೀರಕ್ಕೆ ಇಪ್ಪತ್ತಕ್ಕೆ ಸ್ವಲ್ಪ ಮೇಲ್ಪಟ್ಟು ಆಫ್ರಿಕದ ಜನರನ್ನು ಹಡಗಿನಲ್ಲಿ ತಂದು ಮಾರಿದರು. ಆ ಕಾಲದ ಆಂಗ್ಲರಲ್ಲಿ ಕ್ರೈಸ್ತನನ್ನು ದಾಸನಾಗಿಟ್ಟುಕೊಳ್ಳುವುದು ಯುಕ್ತವಲ್ಲವೆಂಬ ಭಾವನೆ ಬಲವಾಗಿತ್ತು. ಹಾಗಾದರೆ ದಾಸನೇ ದೀಕ್ಷಾಸ್ನಾನವನ್ನು ಪಡೆದು ಕ್ರೈಸ್ತನಾದರೆ ಗತಿಯೇನು? ಈ ಸಂದೇಹವು ನ್ಯಾಯಸ್ಥಾನದವರೆಗೂ ಹೋಯಿತು. ಆಂಗ್ಲ ತಂದೆಗೂ ಆಫ್ರಿಕದ ತಾಯಿಗೂ ಹುಟ್ಟಿದ ಎಲಿಜಬೆತ್ ಕೀ ಎಂಬ ಹೆಂಗಸು, ತನ್ನ ತಂದೆ ಸ್ವತಂತ್ರನಾದ ಆಂಗ್ಲನೆಂದೂ, ತಾನು ದೀಕ್ಷಾಸ್ನಾನ ಪಡೆದ ಕ್ರೈಸ್ತಳೆಂದೂ, ಸೇವೆಯ ಅವಧಿಯು ಮುಗಿದಿದೆಯೆಂದೂ ವಾದಿಸಿ 1656ರಲ್ಲಿ ಬಿಡುಗಡೆಯನ್ನು ಪಡೆದಳು. ಯಜಮಾನರಿಗೆ ಇದರಿಂದ ದಿಗಿಲಾಯಿತು. 1662ರಲ್ಲಿ ವರ್ಜೀನಿಯದ ಶಾಸನಸಭೆಯು, ಮಗುವಿನ ಸ್ಥಿತಿಯು ತಾಯಿಯ ಸ್ಥಿತಿಯನ್ನು ಅನುಸರಿಸತಕ್ಕದ್ದೆಂದು ವಿಧಿಸಿ, ತಂದೆಯ ಕಡೆಯ ಬಾಗಿಲನ್ನು ಮುಚ್ಚಿತು. 1667ರಲ್ಲಿ ಮಾಡಿದ ಮತ್ತೊಂದು ಶಾಸನವು, ದೀಕ್ಷಾಸ್ನಾನದಿಂದ ಯಾರೊಬ್ಬರ ದಾಸ್ಯವೂ ಬದಲಾಗತಕ್ಕದ್ದಲ್ಲವೆಂದು ಸಾರಿ, ಧರ್ಮದ ಕಡೆಯ ಬಾಗಿಲನ್ನೂ ಮುಚ್ಚಿತು. ಈ ಎರಡನೆಯ ಶಾಸನಕ್ಕೆ ಕೊಟ್ಟ ಕಾರಣವು ಗಮನಾರ್ಹವಾದುದು: ಆಳುಗಳು ಕೈತಪ್ಪಿಹೋಗುವರೆಂಬ ಶಂಕೆ ನಿವಾರಣೆಯಾದರೆ ಯಜಮಾನರು ಕ್ರೈಸ್ತಧರ್ಮವನ್ನು ಹೆಚ್ಚು ಉತ್ಸಾಹದಿಂದ ಹರಡುವರಂತೆ! ಧರ್ಮಪ್ರಚಾರಕ್ಕೆ ದಾರಿಮಾಡುವ ನೆಪದಿಂದ, ಧರ್ಮವು ಕೊಡಬಹುದಾಗಿದ್ದ ಬಿಡುಗಡೆಯನ್ನು ತಡೆದಂತಾಯಿತು. 1706ರಲ್ಲಿ ನ್ಯೂಯಾರ್ಕ್ ವಸಾಹತೂ ಇಂಥದೇ ಶಾಸನವನ್ನು ಮಾಡಿತು.

ಶಾಸನವು ಮುಂದೆ ಹೋದಮೇಲೆ ವ್ಯಾಖ್ಯಾನವೂ ಅದರ ಹಿಂದೆಯೇ ಬಂದಿತು. ಧರ್ಮಪ್ರಚಾರಕ್ಕಾಗಿ 1701ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಸಂಘದ ಪಾದ್ರಿಯಾಗಿ ಫ್ರಾನ್ಸಿಸ್ ಲೆ ಜೌ ಎಂಬಾತನು 1706ರಲ್ಲಿ ದಕ್ಷಿಣ ಕೆರೊಲೈನಕ್ಕೆ ಬಂದನು. ಈತನು ಕ್ರೂರನಲ್ಲ, ಯಜಮಾನರ ನಿರ್ದಯೆಯನ್ನು ಕಂಡು ನೊಂದು ಪತ್ರಗಳನ್ನು ಬರೆದವನು. ಆದರೂ ದೀಕ್ಷಾಸ್ನಾನವನ್ನು ಕೊಡುವ ಮೊದಲು ಸಭೆಯ ಮುಂದೆ ದಾಸರಿಂದ ಒಂದು ಪ್ರತಿಜ್ಞೆಯನ್ನು ಮಾಡಿಸುತ್ತಿದ್ದನು. ತಾವು ದೀಕ್ಷೆಯನ್ನು ಬೇಡುವುದು ಆತ್ಮದ ಒಳಿತಿಗಾಗಿ ಮಾತ್ರವೇ, ಯಜಮಾನರಿಗೆ ಸಲ್ಲಬೇಕಾದ ವಿಧೇಯತೆಯಿಂದ ತಪ್ಪಿಸಿಕೊಳ್ಳುವುದಕ್ಕಲ್ಲ, ಎಂಬುದೇ ಅದರ ತಾತ್ಪರ್ಯ. ಯಜಮಾನನು ದೀಕ್ಷೆ ಪಡೆಯುವಾಗ ಹೊಲ, ಮನೆ, ಹೊಗೆಸೊಪ್ಪು ಯಾವುದರ ಆಸೆಯನ್ನೂ ಬಿಡುವೆನೆಂದು ಪ್ರತಿಜ್ಞೆ ಮಾಡಬೇಕಾಗಿರಲಿಲ್ಲ. 1727ರಲ್ಲಿ ಲಂಡನ್ನಿನ ಬಿಷಪ್ ಎಡ್ಮಂಡ್ ಗಿಬ್ಸನ್ ವಸಾಹತುಗಳ ಯಜಮಾನರಿಗೆ ಬರೆದ ಪತ್ರದಲ್ಲಿ, ಕ್ರೈಸ್ತಧರ್ಮವು ಕೊಡುವ ಬಿಡುಗಡೆಯು ಪಾಪದಿಂದಲೂ ಸೈತಾನನಿಂದಲೂ ಆಗತಕ್ಕ ಬಿಡುಗಡೆಯೆಂದೂ, ಹೊರಗಿನ ಸ್ಥಿತಿಯನ್ನು ಅದು ಮೊದಲಿದ್ದಂತೆಯೇ ಬಿಡುವುದೆಂದೂ ಸಿದ್ಧಾಂತಮಾಡಿದನು.

ಈ ಸಿದ್ಧಾಂತದಲ್ಲಿ ಸತ್ಯದ ಅಂಶವಿಲ್ಲವೆನ್ನಲಾಗದು. ಅಂತರಂಗದ ಬಿಡುಗಡೆಯು ರಾಜಶಾಸನದಿಂದ ಬರತಕ್ಕದ್ದಲ್ಲ; ಸಂಕೋಲೆಯಲ್ಲಿರುವವನಿಗೂ ಅದು ಲಭ್ಯವೆಂದು ಎಲ್ಲ ಧರ್ಮಗಳ ಸಂತರೂ ಹೇಳಿದ್ದಾರೆ. ಪೌಲನು ತನ್ನನ್ನು ಕ್ರಿಸ್ತನ ದಾಸನೆಂದೇ ಕರೆದುಕೊಂಡನು. ಕರ್ನಾಟಕದ ಹರಿದಾಸರು ದಾಸನೆಂಬ ಹೆಸರನ್ನು ಬಿರುದಿನಂತೆ ಧರಿಸಿದರು. ಆದರೆ ಭಗವಂತನ ದಾಸ್ಯವು ತಾನಾಗಿ ಒಪ್ಪಿಸಿಕೊಂಡದ್ದು; ನರನ ದಾಸ್ಯವು ಬಲಾತ್ಕಾರದಿಂದ ಬಂದದ್ದು. ಸಂಕೋಲೆಯಲ್ಲಿರುವವನು ತನ್ನ ಆತ್ಮವು ಸ್ವತಂತ್ರವೆಂದರೆ ಅದು ಧೈರ್ಯದ ಮಾತು. ಸಂಕೋಲೆಯ ಬೀಗದ ಕೈಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡವನು ಅದೇ ಮಾತನ್ನು ಹೇಳಿದರೆ ಅರ್ಥ ಬೇರೆಯಾಗುತ್ತದೆ. ದಾಸರೂ ಈ ಭೇದವನ್ನು ಅರಿಯದೆ ಇರಲಿಲ್ಲ. ದೀಕ್ಷಾಸ್ನಾನ ಪಡೆದವರನ್ನು ಬಿಡುಗಡೆ ಮಾಡಬೇಕೆಂದು ದೊರೆಯೇ ಆಜ್ಞಾಪಿಸಿರುವನೆಂದೂ, ಯಜಮಾನರು ಆ ಆಜ್ಞೆಯನ್ನು ಮರೆಮಾಚಿರುವರೆಂದೂ 1730ರಲ್ಲಿ ವರ್ಜೀನಿಯದ ದಾಸರಲ್ಲಿ ಸುದ್ದಿ ಹಬ್ಬಿ, ಕೆಲವೆಡೆ ದಂಗೆಯೇ ಆಯಿತು. ಸುದ್ದಿಯು ಸುಳ್ಳಾಗಿತ್ತು. ಆದರೆ ಬಿಷಪನ ವ್ಯಾಖ್ಯಾನವನ್ನು ಅವರು ಅಂಗೀಕರಿಸಿರಲಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಇಷ್ಟರಲ್ಲಿ ವಸಾಹತುಗಳ ಬಿಳಿಯರಿಗೆ ತಮ್ಮ ಸ್ವಾತಂತ್ರ್ಯದ ಚಿಂತೆಯು ಹತ್ತಿತು. 1751ರಲ್ಲಿ ಪೆನ್ಸಿಲ್ವೇನಿಯದ ಶಾಸನಸಭೆಯು ಫಿಲಡೆಲ್ಫಿಯದ ತನ್ನ ಭವನಕ್ಕಾಗಿ ಲಂಡನ್ನಿನಿಂದ ಒಂದು ಗಂಟೆಯನ್ನು ತರಿಸಲು ಗೊತ್ತುಮಾಡಿತು. ಅದರ ಮೇಲೆ ಕೆತ್ತಿಸಿದ್ದು ಯಾಜಕಕಾಂಡದ 25ನೆಯ ಅಧ್ಯಾಯದ 10ನೆಯ ವಾಕ್ಯ. ಐವತ್ತನೆಯ ವರುಷವಾದ ಜೂಬಿಲಿ ಸಂವತ್ಸರದಲ್ಲಿ ದೇಶದ ನಿವಾಸಿಗಳೆಲ್ಲರಿಗೂ ಬಿಡುಗಡೆಯನ್ನು ಸಾರಬೇಕೆಂಬುದು ಆ ವಾಕ್ಯದ ವಿಧಿ. ಅದೇ ಅಧ್ಯಾಯವನ್ನು ಕೊನೆಯ ಕಡೆಗೆ ಓದಿದರೆ, ಸುತ್ತಣ ಜನಾಂಗಗಳಿಂದ ದಾಸರನ್ನು ಕೊಂಡು ಮಕ್ಕಳಿಗೆ ಸ್ವತ್ತಾಗಿ ಬಿಡಬಹುದೆಂಬ ಅನುಮತಿಯೂ ಇದೆ. ಸ್ವಾತಂತ್ರ್ಯಕ್ಕಾಗಿ ಕೂಗಿದವರು ಮೊದಲ ವಾಕ್ಯವನ್ನು ಗಂಟೆಯ ಮೇಲೆ ಕೆತ್ತಿದರು. ದಾಸರನ್ನಿಟ್ಟುಕೊಂಡವರು ಎರಡನೆಯದನ್ನು ವಾದಕ್ಕೆ ಬಳಸಿದರು. ಎಷ್ಟೋ ಕಡೆ ಈ ಇಬ್ಬರೂ ಒಬ್ಬರೇ ಆಗಿದ್ದರು.

ಬ್ರಿಟಿಷ್ ಪಾರ್ಲಿಮೆಂಟು ವಿಧಿಸಿದ ತೆರಿಗೆಗಳನ್ನು ವಿರೋಧಿಸುವಾಗ ವಸಾಹತಿನವರು ಪದೇ ಪದೇ ಬಳಸಿದ ಶಬ್ದವು ದಾಸ್ಯವೆಂಬುದೇ. ತಮ್ಮ ಸಮ್ಮತಿಯಿಲ್ಲದೆ ತೆರಿಗೆ ಕೊಡುವವರು ದಾಸರೆಂದು ಅವರ ವಾದ. ಪಾದ್ರಿಗಳು ವೇದಿಕೆಯಿಂದ ಇಂಗ್ಲೆಂಡಿನ ದೊರೆಯನ್ನು ಫರೋಹನಿಗೂ ವಸಾಹತಿನ ಜನರನ್ನು ಇಸ್ರಾಯೇಲ್ಯರಿಗೂ ಹೋಲಿಸಿ ಬೋಧಿಸಿದರು. ಆಫ್ರಿಕದವರನ್ನು ಚಾಟಿಯಿಂದ ದುಡಿಸುವವರ ಬಾಯಿಂದಲೇ ಸ್ವಾತಂತ್ರ್ಯದ ಕೂಗು ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುವುದೇಕೆಂದು 1775ರಲ್ಲಿ ಲಂಡನ್ನಿನ ಸ್ಯಾಮ್ಯುಯಲ್ ಜಾನ್ಸನ್ ಚುಚ್ಚಿ ಕೇಳಿದನು. 1776ರ ಜುಲೈ 4ರ ಸ್ವಾತಂತ್ರ್ಯಘೋಷಣೆಯು ಸಕಲಮಾನವರೂ ಸಮಾನರಾಗಿ ಸೃಷ್ಟಿಸಲ್ಪಟ್ಟವರೆಂದೂ ಸ್ವಾತಂತ್ರ್ಯವು ಸೃಷ್ಟಿಕರ್ತನ ಕೊಡುಗೆಯೆಂದೂ ಸಾರಿತು. ಅದನ್ನು ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಮಿಕ್ಕ ದಾಸರಿಗೆ ಒಡೆಯನಾಗಿದ್ದವನು. ದಾಸವ್ಯಾಪಾರವನ್ನು ಖಂಡಿಸಿ ಅವನು ಕರಡಿನಲ್ಲಿ ಸೇರಿಸಿದ್ದ ಭಾಗವನ್ನು ಪ್ರತಿನಿಧಿಗಳ ಸಭೆಯು ತೆಗೆದುಹಾಕಿತು. 1667ರ ಶಾಸನವು ಆತ್ಮಕ್ಕೆ ಬಿಡುಗಡೆಯನ್ನು ಕೊಟ್ಟು ದೇಹವನ್ನು ಹಿಡಿದಿಟ್ಟಿತ್ತು. 1776ರ ಘೋಷಣೆಯು ದೇಶಕ್ಕೆ ಬಿಡುಗಡೆಯನ್ನು ಕೊಟ್ಟು ದೇಶದೊಳಗಿನ ದಾಸರನ್ನು ಹಿಡಿದಿಟ್ಟಿತು.

ಈ ಎರಡನ್ನೂ ಒಟ್ಟಿಗೆ ಓದಿದವರು ದಾಸ್ಯದ ರುಚಿಯನ್ನು ಕಂಡವರೇ. ಆಫ್ರಿಕದಿಂದ ಬಾಲ್ಯದಲ್ಲಿಯೇ ಅಪಹೃತಳಾಗಿ 1761ರಲ್ಲಿ ಬಾಸ್ಟನ್ನಿನಲ್ಲಿ ಮಾರಲ್ಪಟ್ಟ ಫಿಲಿಸ್ ವೀಟ್ಲಿ, 1773ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕಾವ್ಯಸಂಗ್ರಹದಿಂದ ಪ್ರಸಿದ್ಧಳಾದಳು. 1774ರಲ್ಲಿ ಆಕೆಯು ಸ್ಯಾಮ್ಸನ್ ಆಕಮ್ ಎಂಬ ಪಾದ್ರಿಗೆ, ಅಮೆರಿಕದ ಮೂಲನಿವಾಸಿಗಳ ಕುಲದವನಿಗೆ, ಒಂದು ಪತ್ರವನ್ನು ಬರೆದಳು. ಸ್ವಾತಂತ್ರ್ಯಪ್ರೇಮವು ಪ್ರತಿಯೊಬ್ಬ ಮನುಷ್ಯನ ಎದೆಯಲ್ಲಿಯೂ ದೇವರೇ ನೆಟ್ಟದ್ದೆಂದು ಹೇಳಿ, ಅಮೆರಿಕದ ಯಜಮಾನರನ್ನು ಈ ಕಾಲದ ಐಗುಪ್ತ್ಯರೆಂದು ಕರೆದಳು. ಬಾಲ್ಯದಲ್ಲಿ ಜೀತಕ್ಕಿದ್ದು ಯೌವನದಲ್ಲಿ ಬ್ರಿಟಿಷರ ವಿರುದ್ಧ ಆಯುಧ ಹಿಡಿದ ಲೆಮ್ಯುಯಲ್ ಹೇನ್ಸ್, 1776ರಲ್ಲಿಯೇ ಒಂದು ಪ್ರಬಂಧವನ್ನು ಬರೆದು, ಆಂಗ್ಲನಿಗಿರುವಷ್ಟೇ ಹಕ್ಕು ಆಫ್ರಿಕದವನಿಗೂ ಸ್ವಾತಂತ್ರ್ಯದಲ್ಲಿ ಉಂಟೆಂದು ಘೋಷಣೆಯ ಮಾತಿನಿಂದಲೂ ಧರ್ಮಗ್ರಂಥದಿಂದಲೂ ಸಾಧಿಸಿದನು. ಅದು ಹಸ್ತಪ್ರತಿಯಾಗಿಯೇ ಉಳಿದು 1983ರಲ್ಲಿ ಅಚ್ಚಾಯಿತು. ಬಿಳಿಯರಲ್ಲಿಯೂ ಸ್ಯಾಮ್ಯುಯಲ್ ಹಾಪ್ಕಿನ್ಸನಂಥ ಪಾದ್ರಿಗಳು ಅದೇ ವರುಷ ಪ್ರತಿನಿಧಿಗಳ ಸಭೆಗೇ ಅರ್ಪಣೆಮಾಡಿ ದಾಸ್ಯದ ವಿರುದ್ಧ ಪುಸ್ತಕವನ್ನು ಹೊರಡಿಸಿದರು. ಫಲವು ಅಲ್ಪಸ್ವಲ್ಪವಾಗಿಯಾದರೂ ಬಂದಿತು. 1780ರ ಪೆನ್ಸಿಲ್ವೇನಿಯದ ಶಾಸನವು ಆ ಬಳಿಕ ದಾಸಿಯರಿಗೆ ಹುಟ್ಟುವ ಮಕ್ಕಳು 28 ವರುಷ ದುಡಿದು ಸ್ವತಂತ್ರರಾಗತಕ್ಕದ್ದೆಂದು ವಿಧಿಸಿತು. ಆದರೆ 1787ರಲ್ಲಿ ಅದೇ ಫಿಲಡೆಲ್ಫಿಯದಲ್ಲಿ ರಚಿತವಾದ ರಾಜ್ಯಾಂಗವು, ಪ್ರಾತಿನಿಧ್ಯದ ಲೆಕ್ಕದಲ್ಲಿ ಐವರು ದಾಸರನ್ನು ಮೂವರೆಂದು ಎಣಿಸಿ, 1808ರ ವರೆಗೆ ದಾಸವ್ಯಾಪಾರವನ್ನು ನಿಷೇಧಿಸಕೂಡದೆಂದು ಕಟ್ಟುಮಾಡಿತು.

ಆ ನಗರದಲ್ಲಿ ನೆಲಸಿದ ರಿಚರ್ಡ್ ಆಲನ್ ಎಂಬವನ ಚರಿತ್ರೆಯು ಇಲ್ಲಿ ವಿಸ್ತಾರವಾಗಿ ಹೇಳತಕ್ಕದ್ದು. 1760ರಲ್ಲಿ ದಾಸನಾಗಿ ಹುಟ್ಟಿದ ಈತನು ಡೆಲವೇರಿನಲ್ಲಿ ಸ್ಟೋಕ್ಲಿ ಸ್ಟರ್ಜಿಸ್ ಎಂಬ ಯಜಮಾನನ ಬಳಿ ಬೆಳೆದು, 17ನೆಯ ವಯಸ್ಸಿನಲ್ಲಿ ಮೆಥಡಿಸ್ಟ್ ಪಂಥದ ಬೋಧನೆಯನ್ನು ಕೇಳಿ ಭಕ್ತನಾದನು. ಧರ್ಮದ ಹುಚ್ಚು ಹಿಡಿದರೆ ಆಳುಗಳು ಕೆಡುವರೆಂದು ನೆರೆಯವರು ಹೇಳಿದರು. ತಮ್ಮ ಭಕ್ತಿಗೆ ಅಪವಾದ ಬರಬಾರದೆಂದು ಆಲನ್ನನೂ ಅವನ ಸಹೋದರನೂ ಮೊದಲಿಗಿಂತ ಹೆಚ್ಚಾಗಿ ದುಡಿದರು. ಸಂತುಷ್ಟನಾದ ಯಜಮಾನನು ಬೋಧಕರನ್ನು ಮನೆಗೇ ಕರೆಸಿದನು. ಬಂದವನು ಫ್ರೀಬಾರ್ನ್ ಗ್ಯಾರೆಟ್ಸನ್. ತನ್ನ ದಾಸರನ್ನು ತಾನೇ ಬಿಡುಗಡೆ ಮಾಡಿದ್ದವನು. ದಾನಿಯೇಲನ ಗ್ರಂಥದಲ್ಲಿ ತಕ್ಕಡಿಯಲ್ಲಿ ತೂಗಿ ಕಡಮೆಯಾಗಿ ಕಂಡುಬಂದ ಅರಸನ ಪ್ರಸಂಗವನ್ನೆತ್ತಿಕೊಂಡು ಅವನು ಬೋಧಿಸಲು, ದಾಸರನ್ನಿಟ್ಟುಕೊಂಡ ತಾನೂ ಆ ತಕ್ಕಡಿಯಲ್ಲಿಯೇ ಇರುವೆನೆಂದು ಸ್ಟರ್ಜಿಸನಿಗೆ ಮನವರಿಕೆಯಾಯಿತು. ಆದರೂ ಬಿಡುಗಡೆಯು ಪುಕ್ಕಟೆಯಾಗಿ ಬರಲಿಲ್ಲ. 2,000 ಡಾಲರುಗಳ ಕಾಗದದ ಹಣವನ್ನು ಬೆಲೆಯಾಗಿ ಗೊತ್ತುಮಾಡಿದನು. ಆಲನ್ ಸೌದೆ ಕಡಿದು, ಇಟ್ಟಿಗೆ ಕಾರ್ಖಾನೆಯಲ್ಲಿ ದುಡಿದು, ಯುದ್ಧಕಾಲದಲ್ಲಿ ಉಪ್ಪಿನ ಬಂಡಿ ಹೊಡೆದು, 1783ರ ವೇಳೆಗೆ ಆ ಹಣವನ್ನು ತೀರಿಸಿದನು. ಅಂಗೈ ಬೊಬ್ಬೆಯೆದ್ದ ಆ ದಿನಗಳಲ್ಲಿಯೂ ಬಿಡುವು ಸಿಕ್ಕಿದೆಡೆಯಲ್ಲೆಲ್ಲ ಬೋಧನೆ ಮಾಡುತ್ತಿದ್ದನು. ಅಂತರಂಗದ ಬಿಡುಗಡೆಯು ಇವನಿಗೆ ಮೊದಲೇ ದೊರೆತಿತ್ತು. ಅದು ಅವನನ್ನು ದಾಸ್ಯದಲ್ಲಿ ತೃಪ್ತನನ್ನಾಗಿ ಮಾಡದೆ, ದಾಸ್ಯದಿಂದ ಹೊರಬರುವ ಶಕ್ತಿಯನ್ನು ಕೊಟ್ಟಿತು.

1786ರಲ್ಲಿ ಅವನು ಫಿಲಡೆಲ್ಫಿಯಕ್ಕೆ ಬಂದು ಸೇಂಟ್ ಜಾರ್ಜ್ ದೇವಾಲಯದಲ್ಲಿ ಬೋಧಕನಾದನು. ಅವನಿಂದಾಗಿ ಆಫ್ರಿಕ ಮೂಲದ ಭಕ್ತರು ಹೆಚ್ಚಿದರು. ಹೆಚ್ಚಿದಂತೆ ಅವರನ್ನು ಗೋಡೆಯ ಪಕ್ಕಕ್ಕೂ ಆಮೇಲೆ ಉಪ್ಪರಿಗೆಗೂ ಸರಿಸಿದರು. ಒಂದು ಭಾನುವಾರ ಪ್ರಾರ್ಥನೆ ನಡೆಯುತ್ತಿದ್ದಾಗ ಆಲನ್ನನ ಮಿತ್ರನಾದ ಅಬ್ಸಲೊಮ್ ಜೋನ್ಸನು ತಮಗೆ ಗೊತ್ತುಮಾಡಿದ್ದ ಜಾಗವನ್ನು ಬಿಟ್ಟು ಬೇರೆಡೆ ಮೊಣಕಾಲೂರಿದ್ದಾನೆಂದು ಧರ್ಮದರ್ಶಿಗಳಲ್ಲಿ ಒಬ್ಬನು ಅವನನ್ನು ಹಿಡಿದೆತ್ತತೊಡಗಿದನು. ಪ್ರಾರ್ಥನೆ ಮುಗಿಯುವವರೆಗೆ ತಾಳಬೇಕೆಂದು ಜೋನ್ಸ್ ಬೇಡಿದರೂ ಕೇಳಲಿಲ್ಲ. ಪ್ರಾರ್ಥನೆಯು ಮುಗಿದೊಡನೆ ಅವರೆಲ್ಲರೂ ಒಟ್ಟಾಗಿ ಎದ್ದು ಹೊರಟುಹೋದರು. ಇದು 1787ರಲ್ಲಿ ನಡೆಯಿತೆಂದು ಆಲನ್ ಬರೆದಿದ್ದಾನೆ. ಕೆಲವು ವರುಷ ಈಚೆಗೆಂದು ಈಚಿನ ಇತಿಹಾಸಕಾರರ ಅಭಿಪ್ರಾಯ. ದೇವರ ಮುಂದೆ ಎಲ್ಲರೂ ಸಮಾನರೆಂಬ ಬೋಧನೆ ನಡೆಯುತ್ತಿದ್ದ ಆ ಮನೆಗೂ, ಸಕಲಮಾನವರೂ ಸಮಾನರೆಂದು ಸಾರಿದ ಭವನಕ್ಕೂ ನಡುವೆ ಒಂದು ಮೈಲಿಯಷ್ಟು ದೂರವೂ ಇರಲಿಲ್ಲ. 1793ರಲ್ಲಿ ಊರಿಗೆ ಹಳದಿಜ್ವರದ ಮಾರಿ ಬಂದಾಗ, ಹೊರಗೆ ಹೋದ ಇದೇ ಜನರು ರೋಗಿಗಳ ಶುಶ್ರೂಷೆಯನ್ನೂ ಶವಸಂಸ್ಕಾರವನ್ನೂ ಮಾಡಿದರು. ಮರುವರುಷ ಆಲನ್ ಹಳೆಯ ಕಮ್ಮಾರಸಾಲೆಯೊಂದನ್ನು ಕೊಂಡು, ತನ್ನ ನಿವೇಶನಕ್ಕೆ ಎಳೆಸಿ ತಂದು, ಅದನ್ನು ಬೆತೆಲ್ ಎಂಬ ದೇವಾಲಯವನ್ನಾಗಿ ಮಾಡಿದನು. 1816ರಲ್ಲಿ ಸ್ಥಾಪಿತವಾದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಧರ್ಮಸಭೆಗೆ ಅವನೇ ಮೊದಲನೆಯ ಬಿಷಪನಾದನು.

ಯಜಮಾನರ ಪಕ್ಷಕ್ಕೆ ಭಯವು ಎಲ್ಲಿತ್ತೆಂಬುದು ಅವರು ಮಾಡಿದ ನಿಷೇಧಗಳಿಂದಲೇ ತಿಳಿಯುತ್ತದೆ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ದಾಸರಿಗಾಗಿ ಅಚ್ಚಾದ ಸಂಕ್ಷಿಪ್ತ ಬೈಬಲಿನಲ್ಲಿ ಹಳೆಯ ಒಡಂಬಡಿಕೆಯ ಹತ್ತರಲ್ಲಿ ಒಂಬತ್ತು ಪಾಲಿನಷ್ಟನ್ನು ಬಿಟ್ಟಿದ್ದರು. ಇಸ್ರಾಯೇಲ್ಯರು ಐಗುಪ್ತದಿಂದ ಹೊರಟ ಕಥೆಯೇ ಅದರಲ್ಲಿಲ್ಲ. ದಕ್ಷಿಣ ಕೆರೊಲೈನದ ಚಾರ್ಲ್ಸ್‌ಟನ್ನಿನಲ್ಲಿ ದಂಗೆಯ ಸಂಚು ಹೂಡಿದನೆಂಬ ಆರೋಪದ ಮೇಲೆ 1822ರಲ್ಲಿ ಡೆನ್ಮಾರ್ಕ್ ವೀಸಿಯನ್ನೂ ಅವನ ಸಂಗಡಿಗರನ್ನೂ ಕೂಡಿ 35 ಮಂದಿಯನ್ನು ಗಲ್ಲಿಗೇರಿಸಿ, ಅವರು ಸೇರುತ್ತಿದ್ದ ದೇವಾಲಯವನ್ನು ಕೆಡವಿದರು. ದಾಸರಿಗೆ ಓದುಬರಹ ಕಲಿಸುವುದರ ವಿರುದ್ಧ 1831ರಲ್ಲಿ ವರ್ಜೀನಿಯವೂ 1834ರಲ್ಲಿ ದಕ್ಷಿಣ ಕೆರೊಲೈನವೂ ಶಾಸನಮಾಡಿದುವು. ಧರ್ಮವು ಆತ್ಮಕ್ಕೆ ಮಾತ್ರ ಸಂಬಂಧಿಸಿದ್ದೆಂದು ನಿಜವಾಗಿ ನಂಬಿದವರಿಗೆ ಧರ್ಮಗ್ರಂಥವನ್ನು ಕತ್ತರಿಸುವ ಅಗತ್ಯವೇನಿತ್ತು? ಉತ್ತರಭಾಗದ ದಾಸ್ಯವಿರೋಧಿಗಳಾದರೋ 1830ರ ದಶಕದಲ್ಲಿ ಫಿಲಡೆಲ್ಫಿಯದ ಹಳೆಯ ಗಂಟೆಯ ಮೇಲಿನ ವಾಕ್ಯವನ್ನೆತ್ತಿ ತೋರಿಸಿ, ಅದಕ್ಕೆ ಸ್ವಾತಂತ್ರ್ಯದ ಗಂಟೆಯೆಂಬ ಹೆಸರನ್ನಿಟ್ಟರು. ದಾಸ್ಯದ ಪ್ರಶ್ನೆಯ ಮೇಲೆಯೇ 1844ರಲ್ಲಿ ಮೆಥಡಿಸ್ಟರೂ 1845ರಲ್ಲಿ ಬ್ಯಾಪ್ಟಿಸ್ಟರೂ ಉತ್ತರ ದಕ್ಷಿಣವೆಂದು ಒಡೆದುಹೋದರು. ರಾಜ್ಯವು ಒಡೆದದ್ದು ಆಮೇಲೆ.

ದಾಸ್ಯದಿಂದ 1838ರಲ್ಲಿ ತಪ್ಪಿಸಿಕೊಂಡ ಫ್ರೆಡೆರಿಕ್ ಡಗ್ಲಾಸನು ತನ್ನ 1845ರ ಆತ್ಮಕಥೆಯಲ್ಲಿ, ಕ್ರಿಸ್ತನ ಧರ್ಮವೇ ಬೇರೆ, ಈ ದೇಶದ ಕ್ರೈಸ್ತಧರ್ಮವೇ ಬೇರೆಯೆಂದು ಬರೆದು, ಮೊದಲನೆಯದನ್ನು ಪ್ರೀತಿಸುವುದರಿಂದಲೇ ಎರಡನೆಯದನ್ನು ದ್ವೇಷಿಸಬೇಕಾಯಿತೆಂದು ಹೇಳಿದನು. 1852ರ ಜುಲೈ 5ರಂದು ರಾಚೆಸ್ಟರಿನಲ್ಲಿ ಸ್ವಾತಂತ್ರ್ಯೋತ್ಸವದ ಭಾಷಣಕ್ಕೆ ನಿಂತು, ಆ ಉತ್ಸವವು ದಾಸನಾದವನಿಗೆ ಏನು, ಎಂದು ಸಭಿಕರನ್ನೇ ಕೇಳಿದನು. ಘೋಷಣೆಯ ತತ್ತ್ವಗಳನ್ನು ಅವನು ತಿರಸ್ಕರಿಸಲಿಲ್ಲ. ಅವುಗಳನ್ನು ಪೂರ್ತಿಯಾಗಿ ನಡಸಬೇಕೆಂಬುದೇ ಅವನ ಬೇಡಿಕೆ. 1861ರಲ್ಲಿ ಅಂತರ್ಯುದ್ಧವು ಆರಂಭವಾಯಿತು. ಎರಡು ಕಡೆಯವರೂ ಒಂದೇ ಬೈಬಲನ್ನು ಓದಿ ಒಬ್ಬನೇ ದೇವರನ್ನು ಪ್ರಾರ್ಥಿಸುತ್ತಿರುವರೆಂದು ಅಧ್ಯಕ್ಷ ಲಿಂಕನ್ 1865ರ ಮಾರ್ಚಿಯಲ್ಲಿ ವ್ಯಸನದಿಂದ ನುಡಿದನು. ಆ ವರುಷದ ಡಿಸೆಂಬರಿನಲ್ಲಿ ರಾಜ್ಯಾಂಗದ 13ನೆಯ ತಿದ್ದುಪಡಿಯು ಸ್ಥಿರವಾಗಿ, ದಾಸ್ಯವು ದೇಶದಾದ್ಯಂತ ರದ್ದಾಯಿತು. 1860ರ ಜನಗಣತಿಯ ಪ್ರಕಾರ ದಾಸರ ಸಂಖ್ಯೆ ಸುಮಾರು 40 ಲಕ್ಷ. ಆಮೇಲೆಯೂ ವರ್ಣಭೇದದ ಶಾಸನಗಳು ನೂರು ವರುಷ ಅವರ ಮಕ್ಕಳನ್ನು ಕಾಡಿದುವು.

ಈ ಚರಿತ್ರೆಯಿಂದ ತಿಳಿಯತಕ್ಕದ್ದು ಇಷ್ಟು. ಆತ್ಮಸ್ವಾತಂತ್ರ್ಯವನ್ನೂ ದೇಶಸ್ವಾತಂತ್ರ್ಯವನ್ನೂ ಬೇರೆ ಬೇರೆಯೆಂದು ವಿವೇಚಿಸುವುದು ತತ್ತ್ವಜ್ಞಾನಕ್ಕೆ ಆವಶ್ಯಕವಿರಬಹುದು. ಆ ವಿವೇಚನೆಯನ್ನು ಮುಂದಿಟ್ಟುಕೊಂಡು ಒಂದನ್ನು ಪರರಿಗೆ ಬೋಧಿಸಿ ಇನ್ನೊಂದನ್ನು ತನಗೆ ಇಟ್ಟುಕೊಳ್ಳುವುದು ಅಧರ್ಮ. 1667ರ ಶಾಸನಕರ್ತರೂ 1776ರ ಘೋಷಣೆಗೆ ರುಜುಹಾಕಿದವರಲ್ಲಿ ಬಹುಮಂದಿಯೂ ಹೀಗೆ ಮಾಡಿದರು. ಆಲನ್, ಹೇನ್ಸ್, ವೀಟ್ಲಿ, ಡಗ್ಲಾಸ್ ಮೊದಲಾದವರಿಗೆ ಎರಡರಲ್ಲಿ ಒಂದೂ ಸುಲಭವಾಗಿ ದೊರೆತಿರಲಿಲ್ಲವಾದ್ದರಿಂದ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಅವರಿಗೆ ಕಂಡಿತು. ಧರ್ಮಗ್ರಂಥವನ್ನು ತಮ್ಮ ಒಡೆಯರಿಗಿಂತ ಪೂರ್ಣವಾಗಿ ಓದಿದವರು ಓದುವುದಕ್ಕೆ ಅಪ್ಪಣೆಯಿಲ್ಲದಿದ್ದ ಆ ಜನರೇ.

ಬಿಡುಗಡೆಯಾದವರ ವಿದ್ಯಾಭ್ಯಾಸಕ್ಕಾಗಿ 1866ರಲ್ಲಿ ಟೆನೆಸಿಯ ನ್ಯಾಶ್‌ವಿಲ್ಲಿನಲ್ಲಿ ಫಿಸ್ಕ್ ವಿದ್ಯಾಲಯವು ತೆರೆಯಿತು. ಹಣವಿಲ್ಲದೆ ಅದು ಮುಚ್ಚುವಂತಾದಾಗ, 1871ರಲ್ಲಿ ಒಂಬತ್ತು ಮಂದಿ ವಿದ್ಯಾರ್ಥಿಗಳು ಊರೂರು ತಿರುಗಿ ಹಾಡಿ ಹಣ ಕೂಡಿಸಲು ಹೊರಟರು. ಅವರಲ್ಲಿ ಬಹುಮಂದಿ ದಾಸರಾಗಿ ಹುಟ್ಟಿದವರು. ತೋಟಗಳಲ್ಲಿ ದಾಸರು ರಾತ್ರಿವೇಳೆ ಕೂಡಿ ಹಾಡುತ್ತಿದ್ದ ಭಕ್ತಿಗೀತೆಗಳನ್ನು, ಮೋಶೆಯು ಫರೋಹನ ಮುಂದೆ ನಿಂತ ಕಥೆಯ ಹಾಡನ್ನು, ಅವರು ಸಭೆಗಳಲ್ಲಿ ಹಾಡಿದರು. 1873ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯ ರಾಣಿಯ ಮುಂದೆಯೂ ಹಾಡಿದರು. ಕೂಡಿಸಿದ ಹಣದಿಂದ ವಿದ್ಯಾಲಯಕ್ಕೆ ದೊಡ್ಡ ಭವನವೊಂದು ಎದ್ದು 1876ರಲ್ಲಿ ಪ್ರಾರಂಭೋತ್ಸವವಾಯಿತು. ಆ ಗಾಯಕರ ಮೇಳಕ್ಕೂ ಆ ಭವನಕ್ಕೂ ಇಟ್ಟ ಹೆಸರು ಜೂಬಿಲಿ. ಫಿಲಡೆಲ್ಫಿಯದ ಗಂಟೆಯ ಮೇಲೆ ಯಾವ ಸಂವತ್ಸರದ ವಿಧಿಯನ್ನು ಕೆತ್ತಿಸಿದ್ದರೋ ಅದೇ ಸಂವತ್ಸರದ ಹೆಸರು.